ಕಡಲಿಲ್ಲದ ಊರಿನ ಶಾಲೆಗೆ ಕಡಲ ವಿಜ್ಞಾನ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಶಿಕ್ಷಕರಿಗೊಂದು ಸಮಗ್ರ ಮಾರ್ಗದರ್ಶಿ

ನಾನು ಗದಗ ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಎಂಟನೇ ತರಗತಿಯಲ್ಲಿ "ಸಮುದ್ರ ನೋಡಿದವರು ಕೈ ಎತ್ತಿ" ಎಂದೆ. ನಲವತ್ತೊಂದು ಮಕ್ಕಳಲ್ಲಿ ಆರು ಕೈ ಮೇಲೆ ಬಂದವು. ಆರರಲ್ಲಿ ನಾಲ್ಕು ಕೈ ಗೋಕರ್ಣಕ್ಕೆ ದೇವರ ದರ್ಶನಕ್ಕೆ ಹೋಗಿ ಬಂದವರದು.

ಆ ವರ್ಷ ಪ್ರೊಜೆಕ್ಟರ್ ತರಿಸಿ ತಿಮಿಂಗಿಲ, ಶಾರ್ಕ್, ಹವಳದ ದಿಬ್ಬಗಳ ವಿಡಿಯೊ ತೋರಿಸಿದೆ. ಮಕ್ಕಳು ಕಣ್ಣು ಮಿಟುಕಿಸದೆ ನೋಡಿದರು. ಒಂದು ವಾರ ಬಿಟ್ಟು ಕೇಳಿದರೆ "ದೊಡ್ಡ ಮೀನು ಇತ್ತು ಸರ್" ಎನ್ನುವುದು ಬಿಟ್ಟು ಬೇರೇನೂ ಉಳಿದಿರಲಿಲ್ಲ. ಅವರಿಗೆ ಅದು ಯಾರದೋ ಊರಿನ ಸುದ್ದಿ. ಮರುವರ್ಷ ಕ್ರಮವನ್ನೇ ತಿರುಗಿಸಿದೆ. ಊರ ಹಳ್ಳದಿಂದ ಶುರು ಮಾಡಿದೆ, ಅಡುಗೆಮನೆಯ ಉಪ್ಪಿಗೆ ಬಂದೆ, ಅಜ್ಜಿಯ ಕವಡೆಗೆ ಬಂದೆ. ಸಮುದ್ರ ಎಲ್ಲದಕ್ಕಿಂತ ಕೊನೆಗೆ ಬಂತು. ಆಗ ಮಕ್ಕಳೇ ಪಾಠವನ್ನು ಮುಂದೆ ಎಳೆದುಕೊಂಡು ಹೋದರು.

ಕೆಳಗಿನದು ಆ ಕ್ರಮವೇ. ದುಡ್ಡು ಜಾಸ್ತಿ ಬೇಕಿಲ್ಲ. ಪ್ರವಾಸವೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಮನೆ ಸಾಮಾನು, ಸಂತೆ ಸಾಮಾನು.

ಮೊದಲ ಹೆಜ್ಜೆ: ಒಂದು ತರಗತಿ, ಒಂದು ವರ್ಷ, ತಿಂಗಳಿಗೊಂದು ದಿನ

ಇಡೀ ಶಾಲೆಗೆ ಒಮ್ಮೆಲೇ ಮಾಡಲು ಹೋಗಬೇಡಿ. ಒಂದೇ ತರಗತಿ ಹಿಡಿಯಿರಿ. ಎಂಟನೆಯದು ಒಳ್ಳೆಯದು, ಪರೀಕ್ಷೆಯ ಒತ್ತಡ ಕಡಿಮೆ. ಸಂಭ್ರಮ ಶನಿವಾರದಂಥ ಬ್ಯಾಗ್ ಇಲ್ಲದ ದಿನ ಇದಕ್ಕೆ ಸರಿಯಾಗಿ ಹೊಂದುತ್ತದೆ. ಸಿಗದಿದ್ದರೆ ತಿಂಗಳಿಗೆ ಎರಡು ಪಿರಿಯಡ್ ಜೋಡಿಸಿ ಕೇಳಿ. ಮುಖ್ಯ ಶಿಕ್ಷಕರಿಗೆ ಮತ್ತು ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಗೆ ಒಂದು ಪುಟದ ಯೋಜನೆ ಬರೆದು ಕೊಡಿ. ಇದು ಹೊಸ ವಿಷಯ ಅಲ್ಲ, ಪಠ್ಯದಲ್ಲಿ ಇರುವುದನ್ನೇ ಕೈಯಿಂದ ಮಾಡಿಸುವುದು ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಿ. ಸಾಂದ್ರತೆ, ಒತ್ತಡ, ಆಮ್ಲ-ಪ್ರತ್ಯಾಮ್ಲ, ಜಲಚಕ್ರ, ಭೂಗೋಳದ ಜಲಗೋಳ ಎಲ್ಲವೂ ಇದರೊಳಗೆ ಬರುತ್ತವೆ.

ಶುರು ಮಾಡಲು ಜೂನ್ 8 ಒಳ್ಳೆಯ ದಿನ. ಅಂದು ವಿಶ್ವ ಸಾಗರ ದಿನ. ಶಾಲೆ ಆಗಷ್ಟೇ ತೆರೆದಿರುತ್ತದೆ. ಮುಂಗಾರು ನಮ್ಮ ಕಡೆ ಬರುವುದೂ ಸರಿಸುಮಾರು ಅದೇ ವಾರ. ಮೊದಲ ಪಾಠಕ್ಕೆ ಬೇಕಾದ ನೀರನ್ನು ಆಕಾಶವೇ ತಂದು ಕೊಡುತ್ತದೆ.

ಎರಡನೇ ಹೆಜ್ಜೆ: ಶಾಲೆಯ ಮಾಳಿಗೆಯ ನೀರು ಯಾವ ಸಮುದ್ರಕ್ಕೆ?

ನನ್ನ ಪ್ರಕಾರ ಇಡೀ ಕಾರ್ಯಕ್ರಮದಲ್ಲಿ ಇದಕ್ಕಿಂತ ಮುಖ್ಯವಾದ ಪಾಠ ಇಲ್ಲ. ಇದಕ್ಕೆ ಎರಡು ವಾರ ಕೊಡಿ, ಅವಸರ ಮಾಡಬೇಡಿ.

ಮಳೆ ಬರುವಾಗ ಮಕ್ಕಳನ್ನು ಪಡಸಾಲೆಯಲ್ಲಿ ನಿಲ್ಲಿಸಿ. ಮಾಳಿಗೆಯಿಂದ ಬೀಳುವ ನೀರು ಎತ್ತ ಹರಿಯುತ್ತದೆ ನೋಡಲು ಹೇಳಿ. ಮಳೆ ನಿಂತ ಮೇಲೆ ಆ ಜಾಡು ಹಿಡಿದು ಗಟಾರದವರೆಗೆ, ಅಲ್ಲಿಂದ ಹಳ್ಳದವರೆಗೆ ನಡೆಯಿರಿ. ಮುಂದಿನದನ್ನು ನಕ್ಷೆಯಲ್ಲಿ ನೀಲಿ ನೂಲು ಹಚ್ಚಿ ತೋರಿಸಿ.

ನಮ್ಮ ಸೀಮೆಯ ವಿಶೇಷ ಇಲ್ಲಿದೆ. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆ ಪಶ್ಚಿಮಕ್ಕೆ ತಿರುಗುತ್ತಾಳೆ. ಹುಬ್ಬಳ್ಳಿ ಕಡೆಯಿಂದ ಬರುವ ಕವಲಿನ ಜೊತೆ ಕಲಘಟಗಿ ತಾಲ್ಲೂಕಿನಲ್ಲಿ ಕೂಡಿ ಬೇಡ್ತಿಯಾಗುತ್ತಾಳೆ. ಮಾಗೋಡಿನಲ್ಲಿ ಜಲಪಾತವಾಗಿ ಧುಮುಕಿ, ಘಟ್ಟದ ಕೆಳಗೆ ಗಂಗಾವಳಿ ಎಂದು ಹೆಸರು ಬದಲಿಸಿ, ಅಂಕೋಲಾ ಬಳಿಯ ಮಂಜಗುಣಿಯಲ್ಲಿ ಅರಬ್ಬಿ ಸಮುದ್ರ ಸೇರುತ್ತಾಳೆ. ಆದರೆ ಇದೇ ಸೀಮೆಯ ಬೆಣ್ಣೆಹಳ್ಳದ ನೀರು ನವಲಗುಂದದ ಎರೆಭೂಮಿ ದಾಟಿ ಮಲಪ್ರಭೆಗೆ ಹೋಗುತ್ತದೆ. ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆ ಸೇರುತ್ತದೆ. ಕೃಷ್ಣೆ ಆಂಧ್ರದ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಗೆ ಬೀಳುತ್ತದೆ. ಕೆಲವೇ ಮೈಲಿ ಅಂತರದಲ್ಲಿ ಬಿದ್ದ ಎರಡು ಹನಿಗಳು ಎರಡು ಬೇರೆ ಬೇರೆ ಸಮುದ್ರಕ್ಕೆ ಹೋಗುತ್ತವೆ!

ಹಾವೇರಿಯವರು ವರದೆಯನ್ನು ಹಿಡಿಯಿರಿ. ಅದು ಗಳಗನಾಥದಲ್ಲಿ ತುಂಗಭದ್ರೆ ಸೇರುತ್ತದೆ, ಅಲ್ಲಿಂದ ಮುಂದೆ ಅದೂ ಕೃಷ್ಣೆಯ ದಾರಿಯೇ. ಹಾನಗಲ್ಲಿನ ಮಕ್ಕಳಿಗೆ ಧರ್ಮಾ ನದಿ ಇದೆ. ಮುಂಡರಗಿಯವರಿಗೆ ತುಂಗಭದ್ರೆ ಮನೆ ಬಾಗಿಲಲ್ಲೇ ಇದೆ.

ಇದರ ಜೊತೆಗೆ ಎತ್ತರದ ಪಾಠ ಸೇರಿಸಿ. ಪ್ರತಿ ರೈಲು ನಿಲ್ದಾಣದ ಹಳದಿ ಫಲಕದ ಕೆಳಗೆ ಸಮುದ್ರ ಮಟ್ಟದಿಂದ ಆ ಊರು ಎಷ್ಟು ಎತ್ತರ ಎಂದು ಬರೆದಿರುತ್ತಾರೆ. ದಿನಾ ನೋಡುತ್ತೇವೆ, ಓದುವುದಿಲ್ಲ ಅಲ್ವಾ? ಯಾರ ಮನೆಯವರಾದರೂ ರೈಲಿನಲ್ಲಿ ಹೋಗುವಾಗ ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿ ಫಲಕಗಳ ಫೋಟೊ ತೆಗೆದು ತರಲಿ. ನಾಲ್ಕು ಅಂಕಿ ಹಲಗೆಯ ಮೇಲೆ ಬರೆದು ನೀರು ಎತ್ತ ಹರಿಯಬೇಕು ಎಂದು ಮಕ್ಕಳೇ ಹೇಳಲಿ. ಊರಿನ ಎತ್ತರವನ್ನು ಕಡಲಿನಿಂದಲೇ ಅಳೆಯುತ್ತಾರೆ ಎಂಬುದು ಅವರಿಗೆ ಆ ದಿನ ತಿಳಿಯುತ್ತದೆ.

ಗದಗಿನವರಿಗೆ ಇನ್ನೊಂದು ಮಾತು. ಕಪ್ಪತಗುಡ್ಡದ ಕಡೆ ಕೆಂಪು ಮತ್ತು ಬೂದು ಪಟ್ಟೆಗಳ ಕಬ್ಬಿಣದ ಕಲ್ಲು ಸಿಗುತ್ತದೆ. ಇಂಥ ಪಟ್ಟೆಗಲ್ಲು ಹುಟ್ಟಿದ್ದು ಸಮುದ್ರದ ತಳದಲ್ಲಿ. ನೀರಿನಲ್ಲಿ ಕರಗಿದ್ದ ಕಬ್ಬಿಣ ಪದರ ಪದರವಾಗಿ ಕೆಳಗೆ ಕೂತು ಕಲ್ಲಾಯಿತು. ಅದಕ್ಕೆ 250 ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸು. 19ನೇ ಶತಮಾನದ ಕೊನೆಯಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯ ಹಳೆ ಕಲ್ಲುಗಳಿಗೆ ಧಾರವಾಡದ ಹೆಸರನ್ನೇ ಇಟ್ಟರು. ಇಂದಿಗೂ ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿ ಆ ಹೆಸರು ಇದೆ. ಗುಡ್ಡ ಈಗ ವನ್ಯಜೀವಿ ಧಾಮ, ಹಾಗಾಗಿ ಕಲ್ಲು ಎತ್ತಿಕೊಂಡು ಬರಬೇಡಿ. ಅಲ್ಲೇ ಮುಟ್ಟಿ ನೋಡಲಿ, ಚಿತ್ರ ಬಿಡಿಸಲಿ.

ಮೂರನೇ ಹೆಜ್ಜೆ: ಕಡಲ ಪೆಟ್ಟಿಗೆ ಕಟ್ಟುವುದು

ಒಂದು ಹಳೆ ಟ್ರಂಕು ಅಥವಾ ದೊಡ್ಡ ರಟ್ಟಿನ ಡಬ್ಬಿ ತನ್ನಿ. ಮಕ್ಕಳಿಗೆ ಒಂದೇ ಕೆಲಸ: "ನಿಮ್ಮ ಮನೆಯಲ್ಲಿ ಸಮುದ್ರದಿಂದ ಬಂದದ್ದು ಏನಿದೆ, ಹುಡುಕಿ ತನ್ನಿ." ಮೊದಲ ದಿನ ಉಪ್ಪು ಬಿಟ್ಟು ಬೇರೇನೂ ಬರುವುದಿಲ್ಲ. ಬೇಸರ ಬೇಡ. ಎರಡನೇ ವಾರದಿಂದ ನೋಡಿ.

ಕವಡೆ ಬರುತ್ತದೆ. ಅಜ್ಜಿಯರು ಚೌಕಾಬಾರ ಆಡುವ ಕವಡೆ. ಸವದತ್ತಿ ಎಲ್ಲಮ್ಮನ ಭಕ್ತರ ಮನೆಗಳಲ್ಲಿ ಕವಡೆ ಸರವೇ ಇರುತ್ತದೆ. ಅದು ದೇವರ ಸಾಮಾನು, ಹಾಗಾಗಿ ತರಿಸಬೇಡಿ. ಮನೆಯಲ್ಲೇ ನೋಡಿ ಬಂದು ಹೇಳಲಿ, ಸಾಕು. ಕವಡೆ ಎಂದರೆ ಒಂದು ಬಗೆಯ ಕಡಲ ಬಸವನಹುಳುವಿನ ಮನೆ. ಹಿಂದೆ ಮಾಲ್ಡೀವ್ಸ್ ದ್ವೀಪಗಳಿಂದ ಹಡಗುಗಟ್ಟಲೆ ಬರುತ್ತಿತ್ತು, ನಮ್ಮ ದೇಶದಲ್ಲಿ ಚಿಲ್ಲರೆ ಹಣವಾಗಿ ಓಡಾಡುತ್ತಿತ್ತು. "ಕವಡೆ ಕಾಸಿನ ಕಿಮ್ಮತ್ತಿಲ್ಲ" ಎನ್ನುತ್ತೇವಲ್ಲ, ಆ ಮಾತು ಬಂದದ್ದು ಅಲ್ಲಿಂದಲೇ. ನಮ್ಮ ಎರೆಹೊಲದ ಊರಿಗೆ ಇದು ಹೇಗೆ ಬಂತು ಎಂಬ ಒಂದೇ ಪ್ರಶ್ನೆ ಇತಿಹಾಸ, ವ್ಯಾಪಾರ, ಜೀವಶಾಸ್ತ್ರ ಮೂರನ್ನೂ ತೆರೆಯುತ್ತದೆ.

ಗ್ರಂಥಿಗೆ ಅಂಗಡಿಗೆ ಹೋಗಿ ಸಮುದ್ರ ನೊರೆ ಕೇಳಿ. ಬೆಳ್ಳಗೆ, ಹಗುರ, ಚಪ್ಪಟೆ. ಹೆಸರು ನೊರೆ, ಆದರೆ ಅದು ನೊರೆ ಅಲ್ಲ. ಕಪ್ಪೆ ಬೊಂಡಾಸ್ ಎಂದು ಕರಾವಳಿಯವರು ಕರೆಯುವ ಜಾತಿಯ ಮೃದ್ವಂಗಿಯ ಒಳಚಿಪ್ಪು ಅದು. ಮುರಿದು ನೋಡಿದರೆ ಸಣ್ಣ ಸಣ್ಣ ಕೋಣೆಗಳು ಕಾಣುತ್ತವೆ. ಆ ಪ್ರಾಣಿ ಅದರೊಳಗಿನ ಗಾಳಿ-ನೀರನ್ನು ಹೆಚ್ಚು ಕಡಿಮೆ ಮಾಡಿ ಮೇಲೆ ಕೆಳಗೆ ತೇಲುತ್ತದೆ. ಕಿರಾಣಿ ಅಂಗಡಿಯಲ್ಲಿ ಚೈನಾ ಗ್ರಾಸ್ ಸಿಗುತ್ತದೆ. ಅದು ಕೆಂಪು ಕಡಲ ಪಾಚಿಯಿಂದ ತೆಗೆದದ್ದು. ಬಿಸಿ ನೀರಿನಲ್ಲಿ ಕರಗಿಸಿ, ಸಕ್ಕರೆ ಹಾಕಿ, ತಟ್ಟೆಗೆ ಸುರಿದಿಟ್ಟರೆ ಅರ್ಧ ತಾಸಿನಲ್ಲಿ ಗಟ್ಟಿಯಾಗುತ್ತದೆ. ಎಲ್ಲ ಮಕ್ಕಳೂ ತಿನ್ನಬಹುದು.

ಒಣ ಮೀನಿನ ವಿಷಯದಲ್ಲಿ ಜಾಗ್ರತೆ ಬೇಕು. ನಮ್ಮ ಕಡೆ ಸಂತೆಗಳಲ್ಲಿ ಬಂಗಡೆ, ಸಿಗಡಿ ಒಣಗಿಸಿದ್ದು ಸಿಗುತ್ತದೆ. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ಮೀನು ತಿನ್ನುವುದಿಲ್ಲ. ಅದನ್ನು ಗೌರವಿಸಿ. ಜೊತೆಗೆ, ಮೀನು ತಿನ್ನುವ ಮನೆಯ ಮಕ್ಕಳು ನಾಚಿಕೆಪಡುವ ಹಾಗೂ ಆಗಬಾರದು. ನಾನು ಮೊದಲೇ ಪಾಲಕರ ಸಭೆಯಲ್ಲಿ ಹೇಳುತ್ತೇನೆ, ಒಣ ಮೀನನ್ನು ಮುಚ್ಚಳವಿರುವ ಗಾಜಿನ ಬಾಟಲಿಯಲ್ಲಿ ಇಡುತ್ತೇನೆ, ನೋಡಲು ಇಷ್ಟ ಇದ್ದವರು ಬರಲಿ ಎನ್ನುತ್ತೇನೆ. ಕೊನೆಗೆ ಎಲ್ಲರೂ ಬರುತ್ತಾರೆ. ಬಂಗಡೆಯ ಕವಲೊಡೆದ ಬಾಲ, ಬೆನ್ನಿನ ಗೆರೆ, ಕೆರೆಯ ಮೀನಿಗೂ ಅದಕ್ಕೂ ಇರುವ ವ್ಯತ್ಯಾಸ ಮಕ್ಕಳೇ ಪಟ್ಟಿ ಮಾಡುತ್ತಾರೆ.

ಪ್ರತಿ ವಸ್ತುವಿಗೂ ಒಂದು ಚೀಟಿ ಅಂಟಿಸಿ: ಏನು, ಯಾರು ತಂದರು, ಯಾವ ಜೀವಿಯಿಂದ, ನಮ್ಮ ಊರಿಗೆ ಯಾವ ದಾರಿಯಿಂದ. ಒಂದು ಎಚ್ಚರಿಕೆ. ಹವಳ, ಸಮುದ್ರ ಕುದುರೆ, ಕೆಲವು ಜಾತಿಯ ಶಂಖ-ಚಿಪ್ಪುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಪ್ರವಾಸಿ ತಾಣದ ಅಂಗಡಿಯಿಂದ ಹೊಸದಾಗಿ ಏನನ್ನೂ ಕೊಂಡು ತರಬೇಡಿ.

ಉಪ್ಪಿನ ಚೀಟಿಗೆ ಸ್ವಲ್ಪ ಜಾಸ್ತಿ ಜಾಗ ಬಿಡಿ. ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಇವತ್ತಿಗೂ ಸಮುದ್ರದ ನೀರನ್ನು ಗದ್ದೆಗೆ ಬಿಟ್ಟು ಬಿಸಿಲಲ್ಲಿ ಉಪ್ಪು ತೆಗೆಯುತ್ತಾರೆ. 1930ರ ಏಪ್ರಿಲ್ 13ರಂದು ಅಂಕೋಲಾದಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾನೂನು ಮುರಿದರು. ಸಮಾಜ ವಿಜ್ಞಾನದ ಶಿಕ್ಷಕರನ್ನು ಈ ಪಾಠಕ್ಕೆ ಕರೆಯಿರಿ.

ನಾಲ್ಕನೇ ಹೆಜ್ಜೆ: ಉಪ್ಪು ನೀರಿನ ಪ್ರಯೋಗಗಳು

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ತೂಕದ ಯಂತ್ರ ಇಲ್ಲದಿದ್ದರೆ ಮಟ್ಟಸವಾಗಿ ಆರು ಟೀ ಚಮಚ ಉಪ್ಪು ಹಾಕಿ. ಇದು ನಮ್ಮ "ತರಗತಿಯ ಸಮುದ್ರ". ನಾಲಿಗೆಗೆ ಒಂದು ಹನಿ ಹಚ್ಚಿ ನೋಡಲಿ.

ಈಗ ಟಿಡಿಎಸ್ ಮೀಟರ್ ತನ್ನಿ, ಅಂದರೆ ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಎಂದು ತೋರಿಸುವ ಸಾಧನ. ಶುದ್ಧ ನೀರಿನ ಘಟಕ ನಡೆಸುವವರ ಹತ್ತಿರ ಇರುತ್ತದೆ, ಕೇಳಿದರೆ ಒಂದು ದಿನಕ್ಕೆ ಕೊಡುತ್ತಾರೆ. ಮಳೆ ನೀರು, ಘಟಕದ ನೀರು, ಕೆರೆ ನೀರು, ಸವಳು ಬೋರಿನ ನೀರು ಒಂದೊಂದಾಗಿ ಅಳೆಯಿರಿ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಒಳ್ಳೆಯ ಮಿತಿ ಲೀಟರಿಗೆ 500 ಮಿಲಿಗ್ರಾಂ, ಬೇರೆ ನೀರೇ ಇಲ್ಲದಾಗ 2,000ದವರೆಗೆ. ಸಮುದ್ರದ್ದು 35,000ದ ಆಸುಪಾಸು. ಅಗ್ಗದ ಮೀಟರುಗಳು ಹೆಚ್ಚಾಗಿ 9,990ರ ಆಚೆ ಓದುವುದಿಲ್ಲ. ಹಾಗಾಗಿ ಒಂದು ಲೋಟ ಉಪ್ಪು ನೀರಿಗೆ ಒಂಬತ್ತು ಲೋಟ ಘಟಕದ ನೀರು ಬೆರೆಸಿ ಅಳೆಯಿರಿ, ಬಂದ ಅಂಕಿಯನ್ನು ಹತ್ತರಿಂದ ಗುಣಿಸಿ. ತಮ್ಮ ಊರಿನ ಬೋರಿನ ಅಂಕಿಯನ್ನು ಸಮುದ್ರದ ಪಕ್ಕದಲ್ಲಿ ಬರೆದಾಗ ಮಕ್ಕಳು ತುಂಬಾ ಹೊತ್ತು ಸುಮ್ಮನೆ ನೋಡುತ್ತಾ ಕೂರುತ್ತಾರೆ. ಸವಳು ನೀರು ಎಂದರೆ ಏನು ಎಂದು ಅವರಿಗೆ ಯಾರೂ ಹೇಳಿ ಕೊಡಬೇಕಿಲ್ಲ.

ಮೊಟ್ಟೆ ತೇಲಿಸುವ ಪ್ರಯೋಗದಲ್ಲಿ ಒಂದು ತಪ್ಪು ತುಂಬಾ ಓಡಾಡುತ್ತಿದೆ. ಸಿಹಿ ನೀರಿನಲ್ಲಿ ಮುಳುಗುವ ಮೊಟ್ಟೆ ಸಮುದ್ರದಲ್ಲಿ ತೇಲುತ್ತದೆ ಎಂದು ಎಷ್ಟೋ ಕಡೆ ಹೇಳಿಕೊಡುತ್ತಾರೆ. ತಾಜಾ ಮೊಟ್ಟೆ ಸಮುದ್ರದ ನೀರಿನಲ್ಲೂ ಮುಳುಗುತ್ತದೆ. ಅದು ತೇಲಲು ಲೀಟರಿಗೆ ನೂರು ಗ್ರಾಮಿಗಿಂತ ಜಾಸ್ತಿಯೇ ಉಪ್ಪು ಬೇಕು. ಮೊಟ್ಟೆ ಬೇಡದವರು ಆಲೂಗಡ್ಡೆ ಬಳಸಿ, ಅದೂ ಹಾಗೆಯೇ ವರ್ತಿಸುತ್ತದೆ. ಮೊದಲು 35 ಗ್ರಾಮಿನ ನೀರಿನಲ್ಲಿ ಮುಳುಗುವುದನ್ನು ತೋರಿಸಿ, ಆಮೇಲೆ ಚಮಚ ಚಮಚವಾಗಿ ಉಪ್ಪು ಹಾಕುತ್ತಾ ಎಣಿಸಲಿ.

ಇನ್ನೊಂದು ನನಗೆ ತುಂಬಾ ಇಷ್ಟದ್ದು. ಗಾಜಿನ ಲೋಟದ ಅರ್ಧಕ್ಕೆ ತರಗತಿಯ ಸಮುದ್ರ ತುಂಬಿ. ಇನ್ನೊಂದು ಲೋಟದ ಸಿಹಿ ನೀರಿಗೆ ಒಂದು ಹನಿ ನೀಲಿ ಶಾಯಿ ಹಾಕಿ. ಚಮಚದ ಬೆನ್ನಿನ ಮೇಲಿಂದ ನಿಧಾನವಾಗಿ, ಬಹಳ ನಿಧಾನವಾಗಿ ಸಿಹಿ ನೀರನ್ನು ಇಳಿಬಿಡಿ. ನೀಲಿ ಮೇಲೆಯೇ ನಿಲ್ಲುತ್ತದೆ. ಮಂಜಗುಣಿಯಲ್ಲಿ ನಮ್ಮ ಶಾಲ್ಮಲೆಯ ನೀರು ಸಮುದ್ರಕ್ಕೆ ಸೇರುವಾಗ ಆಗುವುದೂ ಇದೇ. ಸಿಹಿ ನೀರು ಹಗುರ, ಮೇಲೆ ಹರಡುತ್ತದೆ. ಉಪ್ಪು ನೀರು ಭಾರ, ಕೆಳಗಿನಿಂದ ನದಿಯೊಳಗೆ ನುಗ್ಗುತ್ತದೆ. ಎರಡನೇ ಹೆಜ್ಜೆಯ ನೀಲಿ ನೂಲು ಮುಗಿದದ್ದು ಎಲ್ಲಿ ಎಂದು ನಕ್ಷೆಯಲ್ಲಿ ಬೆರಳಿಟ್ಟು ತೋರಿಸಿ.

ಐದನೇ ಹೆಜ್ಜೆ: ಹುಬ್ಬಳ್ಳಿ ಪ್ಲಾಟ್‌ಫಾರ್ಮಿನಲ್ಲಿ ಸಮುದ್ರದ ಆಳ

ಸಾವಿರಾರು ಮೀಟರ್ ಆಳ ಎಂದು ಹೇಳಿದರೆ ಮಕ್ಕಳಿಗೆ ಏನೂ ಅನಿಸುವುದಿಲ್ಲ. ನಮ್ಮಲ್ಲಿ ಅದಕ್ಕೊಂದು ಅಳತೆಗೋಲು ಇದೆ. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮಿ ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ. ಜಗತ್ತಿನಲ್ಲೇ ಉದ್ದದ್ದು. 2023ರಲ್ಲಿ ಉದ್ಘಾಟನೆ ಆಯಿತು.

ನಿಲ್ದಾಣದವರ ಅನುಮತಿ ಪಡೆದು, ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು, ಗದ್ದಲ ಇಲ್ಲದ ಹೊತ್ತಿನಲ್ಲಿ ಒಂದು ತುದಿಯಿಂದ ನಡೆಯಿರಿ. ಹಳಿಯ ಅಂಚಿನಿಂದ ದೂರ, ಗೋಡೆಯ ಬದಿಯಲ್ಲಿ. ತುದಿಯೇ ಸಮುದ್ರದ ಮೇಲ್ಮೈ. 200 ಮೀಟರಿಗೆ, ಅಂದರೆ ಸುಮಾರು ಎಂಟು ಬೋಗಿಯ ಉದ್ದಕ್ಕೆ ನಿಲ್ಲಿ. ಗಿಡ-ಪಾಚಿಗೆ ಸಾಕಾಗುವಷ್ಟು ಬೆಳಕು ಇಲ್ಲಿಗೇ ಮುಗಿಯಿತು. 1,000 ಮೀಟರಿಗೆ ಮತ್ತೆ ನಿಲ್ಲಿ. ಇಲ್ಲಿಂದ ಕೆಳಗೆ ಸೂರ್ಯನ ಬೆಳಕು ಏನೇನೂ ಇಲ್ಲ. ಪ್ಲಾಟ್‌ಫಾರ್ಮ್ ಮುಗಿದ ಮೇಲೂ ಸಮುದ್ರ ಮುಗಿಯುವುದಿಲ್ಲ. ಜಗತ್ತಿನ ಸಮುದ್ರಗಳ ಸರಾಸರಿ ಆಳ ಸುಮಾರು 3,700 ಮೀಟರ್, ಅಂದರೆ ಇಂಥ ಎರಡೂವರೆ ಪ್ಲಾಟ್‌ಫಾರ್ಮ್. ಎಲ್ಲಕ್ಕಿಂತ ಆಳದ ಮರಿಯಾನಾ ಕಂದಕ ಏಳು ಪ್ಲಾಟ್‌ಫಾರ್ಮಿಗೂ ಮಿಕ್ಕಿ. ಹುಬ್ಬಳ್ಳಿ ದೂರ ಆದವರು ಊರಿನ ರಸ್ತೆಯಲ್ಲಿ ಇದನ್ನೇ ಮಾಡಬಹುದು.

ಮರುದಿನ ಶಾಲೆಯಲ್ಲಿ ಒತ್ತಡದ ಪಾಠ. ಬಾಟಲಿಗೆ ಮೇಲೆ, ನಡುವೆ, ಕೆಳಗೆ ಮೂರು ತೂತು ಮಾಡಿ ನೀರು ತುಂಬಿದರೆ ಕೆಳಗಿನದು ಹೆಚ್ಚು ರಭಸದಿಂದ ಚಿಮ್ಮುತ್ತದೆ. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಂತೆ ನಮ್ಮ ಮೇಲಿನ ಗಾಳಿಯಷ್ಟೇ ಒತ್ತಡ ಮತ್ತೊಮ್ಮೆ ಕೂಡುತ್ತಾ ಹೋಗುತ್ತದೆ. ನಮ್ಮ ದೇಶದ ಸಮುದ್ರಯಾನ ಯೋಜನೆಗೆ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಮತ್ಸ್ಯ 6000 ಎಂಬ ವಾಹನ ಕಟ್ಟುತ್ತಿದೆ. ಮೂವರನ್ನು 6,000 ಮೀಟರ್ ಆಳಕ್ಕೆ ಒಯ್ಯುವ ಉದ್ದೇಶ ಅದರದು. ಅಲ್ಲಿನ ಒತ್ತಡ 600 ಪಟ್ಟು. ಅವರು ಕೂರುವ ಗೋಳದ ಅಡ್ಡಳತೆ 2.1 ಮೀಟರ್ ಮಾತ್ರ. ಮೈದಾನದಲ್ಲಿ ಹಗ್ಗ ಹಿಡಿದು ಅಷ್ಟೇ ದೊಡ್ಡ ವೃತ್ತ ಬರೆಯಿರಿ, ಮೂವರು ಮಕ್ಕಳನ್ನು ಕೂರಿಸಿ. ಒಂದು ಪಿರಿಯಡ್ ಕೂರಲಿ. ಆ ವಿಜ್ಞಾನಿಗಳು ಹನ್ನೆರಡು ತಾಸು ಕೂರಬೇಕು.

ಆರನೇ ಹೆಜ್ಜೆ: ಚಿಪ್ಪು ಮತ್ತು ಹುಳಿ

ಬಿಸಿಯೂಟದಲ್ಲಿ ಮೊಟ್ಟೆ ಕೊಟ್ಟ ದಿನ ಸಿಪ್ಪೆ ತೆಗೆದಿಡಿ. ವಿನೆಗರಿನಲ್ಲಿ ಒಂದು ರಾತ್ರಿ ನೆನೆಸಿದರೆ ಗುಳ್ಳೆ ಎದ್ದು ತೆಳು ಪೊರೆ ಮಾತ್ರ ಉಳಿಯುತ್ತದೆ. ಶಂಖ, ಕವಡೆ, ಹವಳ ಎಲ್ಲದರ ಮುಖ್ಯ ವಸ್ತುವೂ ಇದೇ ಸುಣ್ಣದ ಜಾತಿ.

ದಾಸವಾಳದ ಎಸಳನ್ನು ಬಿಸಿ ನೀರಿಗೆ ಹಾಕಿ ಬಣ್ಣ ತೆಗೆಯಿರಿ. ಎರಡು ಹನಿ ಸುಣ್ಣದ ತಿಳಿ ಹಾಕಿದರೆ ಹಸಿರಾಗುತ್ತದೆ. ಈಗ ಸ್ಟ್ರಾ ಇಟ್ಟು ಊದಲಿ. ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್ ಸೇರಿದಂತೆ ಹಸಿರು ಮಾಯವಾಗುತ್ತದೆ. ಸ್ಟ್ರಾದ ಮೇಲ್ಭಾಗಕ್ಕೆ ಸೂಜಿಯಿಂದ ಒಂದು ತೂತು ಮಾಡಿ, ಆಗ ಮಕ್ಕಳು ಮರೆತು ಹೀರಿದರೂ ಸುಣ್ಣದ ನೀರು ಬಾಯಿಗೆ ಬರುವುದಿಲ್ಲ. ಹೊಗೆಯ ಇಂಗಾಲ ಗಾಳಿಯಿಂದ ಸಮುದ್ರಕ್ಕೆ ಸೇರುವಾಗ ಆಗುವುದೂ ಇದೇ. ಆದರೆ "ಸಮುದ್ರ ಆಮ್ಲ ಆಗಿದೆ" ಎಂದು ಹೇಳಿಕೊಡಬೇಡಿ. ಅದರ ಪಿಎಚ್ (7ಕ್ಕಿಂತ ಮೇಲಿದ್ದರೆ ಪ್ರತ್ಯಾಮ್ಲ, ಕೆಳಗಿದ್ದರೆ ಆಮ್ಲ) ಸುಮಾರು 8.2ರಿಂದ 8.1ಕ್ಕೆ ಇಳಿದಿದೆ, ಇನ್ನೂ ಪ್ರತ್ಯಾಮ್ಲವೇ. ಅಷ್ಟು ಇಳಿಕೆಗೇ ಚಿಪ್ಪು ಕಟ್ಟುವ ಜೀವಿಗಳಿಗೆ ಕಷ್ಟ ಶುರುವಾಗಿದೆ.

ಏಳನೇ ಹೆಜ್ಜೆ: ಮಳೆಯ ಲೆಕ್ಕ

ನಮ್ಮ ಜೋಳ, ಹೆಸರು, ಶೇಂಗಾ ಎಲ್ಲಕ್ಕೂ ನೀರು ಕೊಡುವ ಮುಂಗಾರು ಏಳುವುದು ಸಮುದ್ರದ ಮೇಲೆ. ಉತ್ತರ ಕನ್ನಡದ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆ ಘಟ್ಟ ಹತ್ತಿ ಗದಗಕ್ಕೆ ಬರುವಷ್ಟರಲ್ಲಿ ಆರೇಳು ನೂರು ಮಿ.ಮೀ.ಗೆ ಇಳಿಯುತ್ತದೆ. ನೇರ ಗೋಡೆಯ ಡಬ್ಬಿಗೆ ಅಳತೆಪಟ್ಟಿ ಅಂಟಿಸಿ ಮಳೆಮಾಪಕ ಮಾಡಿ, ಜೂನ್‌ನಿಂದ ಅಕ್ಟೋಬರ್ ತನಕ ದಿನಾ ಬರೆಯಲಿ.

2023ರ ಬರ ಮಕ್ಕಳ ಮನೆಗಳಲ್ಲಿ ಇನ್ನೂ ನೆನಪಿದೆ. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಅದೇ ವರ್ಷ ಪೆಸಿಫಿಕ್ ಸಾಗರದ ನೀರು ಬಿಸಿಯಾಗುವ ಎಲ್ ನಿನೊ ಇತ್ತು. ಎಲ್ ನಿನೊ ಬಂದಾಗಲೆಲ್ಲ ಬರ ಬರುತ್ತದೆ ಎಂದಲ್ಲ, ಆದರೆ ಬರುವ ಸಾಧ್ಯತೆ ಹೆಚ್ಚುತ್ತದೆ. ಅಪ್ಪ-ಅಮ್ಮನನ್ನು ಕೇಳಿ ಆ ವರ್ಷ ಹೊಲದಲ್ಲಿ ಏನಾಯಿತು ಎಂದು ಬರೆದು ತರಲಿ. ನನ್ನ ತರಗತಿಯಲ್ಲಿ ಒಬ್ಬ ಹುಡುಗಿ "ಬಿತ್ತಿದ ಹೆಸರು ಮೊಳಕೆ ಒಡೆಯಲಿಲ್ಲ, ಎತ್ತು ಮಾರಿದೆವು" ಎಂದು ಎರಡೇ ಸಾಲು ಬರೆದಿದ್ದಳು. ಸಾವಿರಾರು ಮೈಲಿ ದೂರದ ನೀರಿನ ಬಿಸಿ ಅವಳ ಮನೆಯ ಎತ್ತಿನ ತನಕ ಬಂದಿತ್ತು.

ಎಂಟನೇ ಹೆಜ್ಜೆ: ತಿಳಿದವರನ್ನು ಕರೆಯುವುದು, ಜೋಡಿ ಶಾಲೆ ಹುಡುಕುವುದು

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಕಾರವಾರದ ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರದ ವಿಭಾಗವೇ ಇದೆ. ಇದು ನಮ್ಮ ಎಷ್ಟೋ ಶಿಕ್ಷಕರಿಗೆ ಗೊತ್ತಿಲ್ಲ. ಶಾಲೆಯ ಲೆಟರ್‌ಹೆಡ್‌ನಲ್ಲಿ, ಯಾವ ತರಗತಿ, ಎಷ್ಟು ಮಕ್ಕಳು, ಈಗಾಗಲೇ ಏನು ಮಾಡಿದ್ದೀರಿ ಎಂದು ಬರೆದು ಕಳಿಸಿ. ಬರೀ "ಬಂದು ಭಾಷಣ ಮಾಡಿ" ಎನ್ನಬೇಡಿ. ಮಕ್ಕಳ ಹತ್ತು ಪ್ರಶ್ನೆಗಳನ್ನು ಜೊತೆಗಿಡಿ. ಬರಲು ಆಗದಿದ್ದರೆ ವಿಡಿಯೊ ಕರೆಯಲ್ಲಿ ಅರ್ಧ ತಾಸು ಸಾಕು. ಧಾರವಾಡದ ಪ್ರಾದೇಶಿಕ ವಿಜ್ಞಾನ ಕೇಂದ್ರಕ್ಕೆ ಒಂದು ದಿನದ ಭೇಟಿಯನ್ನು ಇದರ ಜೊತೆ ಸೇರಿಸಬಹುದು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಮೀನುಗಾರರಿಗೆ ಅಲೆ, ಗಾಳಿ, ಮೀನು ಸಿಗುವ ಜಾಗದ ಮಾಹಿತಿ ಕೊಡುತ್ತದೆ, ಸುನಾಮಿ ಎಚ್ಚರಿಕೆಯನ್ನೂ ಕೊಡುತ್ತದೆ. ಅದರ ಜಾಲತಾಣವನ್ನು ವಾರಕ್ಕೊಮ್ಮೆ ತೆರೆದು ಕಾರವಾರದ ಅಲೆ ಎಷ್ಟೆತ್ತರ ಎಂದು ಹಲಗೆಯ ಮೂಲೆಯಲ್ಲಿ ಬರೆಯಿರಿ.

ಜೋಡಿ ಶಾಲೆ ಎಂದರೆ ಕರಾವಳಿಯ ಒಂದು ಶಾಲೆಯ ಜೊತೆ ಪತ್ರ ವ್ಯವಹಾರ. ಇದಕ್ಕೆ ಒಂದು ಚಂದದ ನೆಪ ಇದೆ. 2024ರ ಜನವರಿಯಲ್ಲಿ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ಉತ್ತರ ಕನ್ನಡದ ಅಘನಾಶಿನಿ ಅಳಿವೆ ಎರಡೂ ಒಟ್ಟಿಗೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ, ಅಂದರೆ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿದವು. ನಮ್ಮ ಮಕ್ಕಳು ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಮಾಗಡಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳ ಬಗ್ಗೆ ಬರೆಯಲಿ. ಅಲ್ಲಿಯ ಮಕ್ಕಳು ಅಳಿವೆಯ ಕೆಸರಿನಲ್ಲಿ ಬಳಚು ಎಂಬ ಎರಡು ಚಿಪ್ಪಿನ ಜೀವಿಯನ್ನು ಆಯುವ ಬಗ್ಗೆ ಬರೆಯಲಿ. ಪೋಸ್ಟಿನಲ್ಲಿ ಒಂದು ಪುಟ್ಟ ಡಬ್ಬಿ ಎರೆಮಣ್ಣು, ಒಂದು ತೆನೆ ಬಿಳಿಜೋಳ ಕಳಿಸಿ. ಅಲ್ಲಿಂದ ಸಾಣಿಕಟ್ಟೆ ಉಪ್ಪು ಬರಲಿ. ಫೋನಿನಲ್ಲಿ ಮಾಡಿದರೆ ಬೇಗ ಆಗುತ್ತದೆ ನಿಜ. ಆದರೆ ಪೋಸ್ಟ್‌ಮನ್ ಡಬ್ಬಿ ತಂದ ದಿನದ ಸಂಭ್ರಮ ಫೋನಿನಲ್ಲಿ ಇಲ್ಲ.

ಒಂಬತ್ತನೇ ಹೆಜ್ಜೆ: ಕಡಲಿಗೆ ಹೋಗುವುದು

ಇದು ಕೊನೆಗೇ ಇರಲಿ. ಡಿಸೆಂಬರ್ ಅಥವಾ ಜನವರಿ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್ ತನಕ ಮಕ್ಕಳನ್ನು ದಡಕ್ಕೆ ಒಯ್ಯುವ ಯೋಚನೆಯೇ ಬೇಡ.

ಸುರಕ್ಷತೆಯ ಮಾತು ಮೊದಲು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಅಲೆಗೆ ಸಿಕ್ಕಿ ತೀರಿಕೊಂಡರು. ನಮ್ಮ ಮಕ್ಕಳು ಕೆರೆಯಲ್ಲಿ ಈಜು ಕಲಿತವರು, ಸಮುದ್ರದ ಸೆಳೆತ ಅವರಿಗೆ ಗೊತ್ತಿಲ್ಲ. ನನ್ನ ನಿಯಮ ಒಂದೇ: ಪಾದ ಮುಳುಗುವಷ್ಟು ನೀರು, ಅದಕ್ಕಿಂತ ಒಂದು ಹೆಜ್ಜೆಯೂ ಮುಂದೆ ಇಲ್ಲ. ಸ್ನಾನ ಇಲ್ಲ. ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರು, ಅವರು ಸಮುದ್ರದ ಕಡೆ ಮುಖ ಮಾಡಿ ನಿಲ್ಲಬೇಕು, ಫೋಟೊ ತೆಗೆಯುತ್ತಾ ಅಲ್ಲ. ಹದಿನೈದು ನಿಮಿಷಕ್ಕೊಮ್ಮೆ ಸೀಟಿ, ಎಣಿಕೆ. ಜೀವರಕ್ಷಕರು ಇರುವ ದಡವನ್ನೇ ಆರಿಸಿ, ಬಂದ ತಕ್ಷಣ ಅವರನ್ನು ಮಾತಾಡಿಸಿ. ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಅನುಮತಿ, ಪಾಲಕರ ಸಹಿ, ಪ್ರಥಮ ಚಿಕಿತ್ಸೆ ಡಬ್ಬಿ ಇಲ್ಲದೆ ಬಸ್ಸು ಹೊರಡಬಾರದು.

ದಿನ ಆರಿಸುವಾಗ ಉಬ್ಬರ-ಇಳಿತದ ಪಟ್ಟಿ ನೋಡಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇಳಿತ ಜಾಸ್ತಿ, ಬಂಡೆಗಳು ಚೆನ್ನಾಗಿ ತೆರೆದುಕೊಳ್ಳುತ್ತವೆ. ಇಳಿತದ ಹೊತ್ತಿಗೆ ಒಂದು ತಾಸು ಮೊದಲು ದಡದಲ್ಲಿರಿ. ನೀರು ತಿರುಗಿ ಏರಲು ಶುರುವಾದ ತಕ್ಷಣ ಬಂಡೆ ಬಿಟ್ಟು ಮೇಲೆ ಬನ್ನಿ.

ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ, ಅರಬೈಲು ಘಟ್ಟದ ದಾರಿಯಲ್ಲಿ ಹೋಗಿ. ಘಟ್ಟ ಇಳಿದ ಮೇಲೆ ಗಂಗಾವಳಿ ರಸ್ತೆಯ ಪಕ್ಕದಲ್ಲೇ ಹರಿಯುತ್ತಾಳೆ. ಅಲ್ಲಿ ಬಸ್ಸು ನಿಲ್ಲಿಸಿ, "ಇವಳೇ ನಮ್ಮ ಶಾಲ್ಮಲೆ" ಎಂದು ಹೇಳಿ. ಜೂನ್‌ನಲ್ಲಿ ಹಚ್ಚಿದ ನೀಲಿ ನೂಲು ಈಗ ಅವರ ಕಣ್ಣ ಮುಂದೆ ಹರಿಯುತ್ತಿರುತ್ತದೆ.

ದಡದಲ್ಲಿ ಮೂರು ಕೆಲಸ ಸಾಕು. ಒಂದು ಮೀಟರ್ ಹಗ್ಗದ ಚೌಕ ಹಾಕಿ ಅದರೊಳಗೆ ಕಂಡದ್ದನ್ನೆಲ್ಲ ಎಣಿಸುವುದು: ಏಡಿಯ ಬಿಲ, ಮರಳಿನ ಉಂಡೆ, ಚಿಪ್ಪು, ಪ್ಲಾಸ್ಟಿಕ್. ಬಂಡೆಯ ಮೇಲೆ ಯಾವ ಎತ್ತರದಲ್ಲಿ ಯಾವ ಜೀವಿ ಅಂಟಿದೆ ಎಂದು ಚಿತ್ರ ಬರೆಯುವುದು. ಮೀನು ಇಳಿಸುವ ಬಂದರಿನಲ್ಲಿ ಮೀನುಗಾರರನ್ನು ಮಾತಾಡಿಸುವುದು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಯಾಕೆ ಇಳಿಯುವುದಿಲ್ಲ ಎಂದು ಅವರನ್ನೇ ಕೇಳಲಿ. ಸಮಯ ಇದ್ದರೆ ಕಾರವಾರದ ಕಾಳಿ ನದಿಯ ಉಪ್ಪು ನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ಕಾಲುದಾರಿ ನೋಡಿ. ಜೀವ ಇರುವ ಯಾವುದನ್ನೂ ಎತ್ತಿ ತರಬೇಡಿ. ಮಗುಚಿದ ಕಲ್ಲನ್ನು ಇದ್ದ ಹಾಗೆಯೇ ಇಡಿ.

ಹತ್ತನೇ ಹೆಜ್ಜೆ: ದಾಖಲೆ

ಪರೀಕ್ಷೆ ಬೇಡ. ಪ್ರತಿ ಮಗುವಿಗೆ ಒಂದು ನೂರು ಪುಟದ ವಹಿ ಕೊಡಿ, ವರ್ಷವಿಡೀ ಅದೇ. ಒಳ್ಳೆಯ ಪ್ರಶ್ನೆ ಬಂದರೆ ಅದನ್ನು ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಅಥವಾ ಇನ್ಸ್‌ಪೈರ್ ಪ್ರಶಸ್ತಿಗೆ ಬೆಳೆಸಬಹುದು. ಬೋರಿನ ನೀರಿನ ಟಿಡಿಎಸ್ ಅಂಕಿಗಳ ಪಟ್ಟಿ ಗ್ರಾಮ ಪಂಚಾಯಿತಿಗೂ ಬೇಕಾಗುತ್ತದೆ, ಒಂದು ಪ್ರತಿ ಕೊಡಿ.

ಪ್ರವಾಸದಿಂದ ಒಂದು ಬಾಟಲಿ ಸಮುದ್ರದ ನೀರು ತಂದಿದ್ದರೆ ದಪ್ಪ ಬಟ್ಟೆಯಲ್ಲಿ ಸೋಸಿ ಗಾಜಿನ ಬಾಟಲಿಗೆ ಹಾಕಿ. ಸ್ಟೀಲ್ ಪಾತ್ರೆ ಬೇಡ. ಅರ್ಧ ನೀರನ್ನು ತಟ್ಟೆಯಲ್ಲಿ ಬಿಸಿಲಿಗಿಡಿ. ಮಾರ್ಚ್ ತಿಂಗಳ ನಮ್ಮ ಬಿಸಿಲಿಗೆ ಮೂರ್ನಾಲ್ಕು ದಿನದಲ್ಲಿ ಉಪ್ಪು ಕೂರುತ್ತದೆ. ಉಳಿದರ್ಧಕ್ಕೆ ದಿನಾಂಕದ ಚೀಟಿ ಅಂಟಿಸಿ ಪೆಟ್ಟಿಗೆಯಲ್ಲಿಡಿ.

ವರ್ಷದ ಕೊನೆಯ ಶನಿವಾರ ಎಂಟನೇ ತರಗತಿಯವರು ಆ ಪೆಟ್ಟಿಗೆಯನ್ನು ಏಳನೆಯವರಿಗೆ ಒಪ್ಪಿಸಲಿ. ನಮ್ಮಲ್ಲಿ ಪೆಟ್ಟಿಗೆಯ ಜೊತೆ ಒಂದು ವಹಿಯೂ ಹೋಗುತ್ತದೆ. ಉತ್ತರ ಸಿಗದ ಪ್ರಶ್ನೆಗಳನ್ನು ಅದರಲ್ಲಿ ಬರೆದಿರುತ್ತಾರೆ, ಮುಂದಿನ ಜೂನ್ 8ರಂದು ಹೊಸ ಮಕ್ಕಳು ಅಲ್ಲಿಂದ ಶುರು ಮಾಡುತ್ತಾರೆ. ಈ ಸಲದ ಮೊದಲ ಪ್ರಶ್ನೆ: "ಎಲ್ಲ ಹೊಳೆಗಳೂ ಸಿಹಿ ನೀರನ್ನೇ ಒಯ್ದು ಸುರಿಯುತ್ತವೆ, ಆದರೂ ಸಮುದ್ರಕ್ಕೆ ಉಪ್ಪು ಎಲ್ಲಿಂದ ಬಂತು?"